ಟವೆಲಿನ ಕೆಳಗಿನ ವ್ಯಾಪಾರ

ನನ್ನದೇ ಮನೆಯ ಹಾಲ್‌ನಲ್ಲಿ, ನಾನೇ ಕಲಿಸಿದ ಆಟ ನನಗೇ ಅರ್ಥವಾಗದಂತೆ ನಡೆಯತೊಡಗಿದ ಸಂಜೆಯಿಂದ ಶುರುಮಾಡುತ್ತೇನೆ.

ದ್ವೀಪವೊಂದರಲ್ಲಿ ಊರು ಕಟ್ಟುವ ಆಟ ಅದು. ಬತ್ತ, ಕಟ್ಟಿಗೆ, ಕಲ್ಲು, ಉಣ್ಣೆ ಎಂಬ ನಾಲ್ಕು ಸರಕಿನ ಬಿಲ್ಲೆಗಳಿರುತ್ತವೆ. ತನ್ನ ಹತ್ತಿರ ಇಲ್ಲದ್ದನ್ನು ಎದುರಾಳಿಯಿಂದ ಬದಲಿಗೆ ಪಡೆಯಬೇಕು. ಏನು ಕೊಡುತ್ತೀರಿ, ಏನು ಬೇಕು ಎಂಬುದನ್ನು ಎಲ್ಲರಿಗೂ ಕೇಳುವಂತೆ ಹೇಳಿ ಎಂದು ನಾನು ತಿಳಿಸಿದ್ದೆ. ಆ ಸಂಜೆ ಮೊದಲ ಸಲ ಆಡಲು ಬಂದಿದ್ದ ಹಾಲಪ್ಪ ತುಟಿ ಬಿಚ್ಚಲಿಲ್ಲ. ಒಂದು ಉಣ್ಣೆಯ ಬಿಲ್ಲೆಯನ್ನು ಮುಂದಿಟ್ಟರು, ಎದುರಿನ ಕಟ್ಟಿಗೆಯ ಕಡೆ ಗದ್ದ ಎತ್ತಿ ತೋರಿಸಿದರು. ಆಮೇಲೆ ಹೆಗಲ ಮೇಲಿನ ಟವೆಲನ್ನು ಬಲಗೈ ಮೇಲೆ ಹಾಕಿಕೊಂಡು ಕೈ ಚಾಚಿದರು. ಎದುರಿಗಿದ್ದ ಹನುಮಂತಪ್ಪ ತಮ್ಮ ಕೈಯನ್ನು ಅದರೊಳಗೆ ತೂರಿಸಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಬೇರೆ ಗೋಡೆ ನೋಡುತ್ತ ಕುಳಿತರು. ಬಟ್ಟೆ ಅಲ್ಲಲ್ಲಿ ಮಿಸುಕಾಡಿತು. ಕೈ ಹೊರಗೆ ಬಂದ ಮೇಲೆ ಮೂರು ಉಣ್ಣೆ ಆ ಕಡೆ ಹೋಯಿತು, ಎರಡು ಕಟ್ಟಿಗೆ ಈ ಕಡೆ ಬಂತು.

"ಮುಗೀತ್ರಿ ಮೇಡಂ. ಮುಂದಿನೋರು ಆಡ್ರಿ," ಅಂದರು ಹಾಲಪ್ಪ.

ಮಂಗಳೂರಿನ ಓದುಗರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಮೀನು ಮಾರುಕಟ್ಟೆಯಲ್ಲಿ ವ್ಯಾಪಾರವೆಂದರೆ ಗಂಟಲು. ಇಲ್ಲಿಯ ಕುರಿ, ದನದ ಸಂತೆಯಲ್ಲಿ ವ್ಯಾಪಾರವೆಂದರೆ ಬೆರಳು. ಕೊಡುವವನೂ ಕೊಳ್ಳುವವನೂ ಟವೆಲಿನ ಮರೆಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿದು ಲೆಕ್ಕ ಹೇಳುತ್ತಾರೆ. ಸುತ್ತ ಎಷ್ಟೇ ಜನ ನಿಂತಿದ್ದರೂ ಆ ಇಬ್ಬರಿಗಲ್ಲದೆ ಮೂರನೆಯವರಿಗೆ ಗೊತ್ತಾಗುವುದಿಲ್ಲ.

ಗಂಡನ ಬ್ಯಾಂಕು ಸೊರಬದಲ್ಲಿ. ಸಿಕ್ಕಿದ ಮನೆ ಶಿಕಾರಿಪುರದಲ್ಲಿ. ಅವರು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ, ನಾನು ಮನೆಯಲ್ಲೇ ಕುಳಿತು ಮಂಗಳೂರಿನಲ್ಲಿ ಕೆಲಸಕ್ಕಿದ್ದ ಪತ್ರಿಕೆಗೇ ಪುಟ ತಿದ್ದಿ ಕಳಿಸುತ್ತೇನೆ. ಮನೆ ನೋಡಲು ಬಂದ ದಿನ ಮಾಲೀಕ ಮಂಜಣ್ಣ ಕೇಳಿದ ಮೊದಲ ಪ್ರಶ್ನೆ ನಮ್ಮ ಹೆಸರಲ್ಲ. "ಮೀನು ಗೀನು ಮಾಡ್ತೀರೇನ್ರೀ?" ಇಲ್ಲ ಎಂದೆವು. ಅಂದಿನಿಂದ ಮಾಡಿಲ್ಲ. ಬಂಗುಡೆ ಸಾರು ಈಗ ಊರಿಗೆ ಹೋದಾಗಿನ ಮಾತು. ಮಂಜಣ್ಣ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯವರು, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ಕೆಳಗಿನ ಮನೆಯಲ್ಲಿ ಅವರಿದ್ದಾರೆ, ಮಹಡಿಯ ಮೇಲೆ ನಾವು.

ಕನ್ನಡದ್ದು ಇನ್ನೊಂದು ಕಥೆ. ನಾನು ಶಾಲೆಯಲ್ಲಿ ಕಲಿತ ಕನ್ನಡವನ್ನೇ ಆಡುತ್ತೇನೆ. ಕಿರಾಣಿ ಅಂಗಡಿಯವರು ನಾನು ಮಾತು ಮುಗಿಸುವವರೆಗೆ ಕೈ ಕಟ್ಟಿ ಕಾಯುತ್ತಾರೆ, ಭಾಷಣ ಕೇಳುವವರ ಹಾಗೆ. ಮನೆಮಾತು ತುಳುವನ್ನು ಗಂಡ ಬರುವವರೆಗೆ ಬಾಯಿಯೊಳಗೇ ಇಟ್ಟುಕೊಂಡಿರಬೇಕು. ಮೊದಲ ಮಳೆಗಾಲ ಹೀಗೆ ಹೋಯಿತು. ಕೊನೆಗೆ ಅಟ್ಟದಿಂದ ಆಟದ ಪೆಟ್ಟಿಗೆಗಳನ್ನು ಇಳಿಸಿದೆ. ಮಂಗಳೂರಿನಲ್ಲಿ ಪುಟ ಮುಗಿದ ಮೇಲೆ ಡೆಸ್ಕಿನವರು ಸೇರಿ ಆಡುತ್ತಿದ್ದ ಆಟಗಳು ಅವು.

ಶನಿವಾರ ಸಂಜೆ ನಾಲ್ಕು ಜನ ಬಂದು ಆಡಲಿ ಎಂದಾಗ ಮಂಜಣ್ಣ ಮುಖ ಗಂಟಿಕ್ಕಿದರು. "ಇಸ್ಪೀಟಾದ್ರೆ ಮನೆ ಖಾಲಿ ಮಾಡ್ಬೇಕಾಗ್ತದೆ ಮಾರಾಯ್ರೆ." ಇಸ್ಪೀಟಲ್ಲ ಎಂದು ಹಲಗೆ ಬಿಚ್ಚಿ ತೋರಿಸಿದೆ. ಆ ಶನಿವಾರ ಎಲ್ಲರಿಗಿಂತ ಮೊದಲು ಬಂದು ಕುಳಿತವರು ಅವರೇ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯೂ ಅವರದ್ದೇ.

ಆಟ ಕಲಿಸುವ ನನ್ನ ಕ್ರಮ ಇಲ್ಲಿ ನಡೆಯಲಿಲ್ಲ. ಮಂಗಳೂರಿನಲ್ಲಿ ನಿಯಮಗಳನ್ನೆಲ್ಲ ಮೊದಲೇ ಹೇಳುತ್ತಿದ್ದೆ, ಎಲ್ಲರೂ ಕೇಳುತ್ತಿದ್ದರು. ಇಲ್ಲಿ ಎರಡನೆಯ ನಿಯಮಕ್ಕೆ ಬರುವಷ್ಟರಲ್ಲಿ ಯಾರಾದರೊಬ್ಬರು ದಾಳ ಉರುಳಿಸಿರುತ್ತಾರೆ. "ಆಡ್ತಾ ಆಡ್ತಾ ಹೇಳ್ರಿ, ತಪ್ಪಿದ್ರೆ ಬೈರಿ," ಎನ್ನುವುದು ಪದ್ಧತಿ. ಅಲ್ಲಿ ನೋಡುವವರು ನೋಡುತ್ತಾರೆ, ಆಡುವವರು ಆಡುತ್ತಾರೆ. ಇಲ್ಲಿ ಬಾಗಿಲಲ್ಲಿ ನಿಂತವನೂ ನಡೆ ಹೇಳಿಕೊಡುತ್ತಾನೆ, ಸೋತರೆ ತಾನೇ ಸೋತಂತೆ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾನೆ. ಎದುರಾಳಿಯ ಸರಕು ಕಸಿದುಕೊಳ್ಳುವ ಅವಕಾಶ, ಮಾವನ ಜೊತೆ ಆಡಲು ಬರುತ್ತಿದ್ದ ಸವಿತಾಳಿಗೆ ಬಂದಾಗ ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಮಾವಾರದ್ದು ಹೆಂಗ್ ಕಿತ್ಕಳ್ಳಿ ಅಕ್ಕಾರ? ಮನೀಗೆ ಹೋಗಾದು ಐತಿ."

"ಕಿತ್ಕಳವ್ವ," ಅಂದರು ಪಕ್ಕದಲ್ಲಿದ್ದ ಅವಳ ಮಾವ. "ಮನ್ಯಾಗ ಹೆಂಗೂ ಎಲ್ಲಾ ನಿಂದ ನಡೀತತಿ."

ಆ ಮಾವನೇ ಹನುಮಂತಪ್ಪ. ನಮ್ಮ ಮನೆಯಿಂದ ಮೂರು ಓಣಿ ಆಚೆ ಅವರ ಮನೆ, ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ. ಸವಿತಾಳ ಗಂಡನಿಗೆ ಹರಿಹರದಲ್ಲಿ ಕೆಲಸ, ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಅವಳ ತಂದೆಯೇ ಹಾಲಪ್ಪ. ತೊಗರ್ಸಿಯ ಹತ್ತಿರ ಹೊಲ ಇದೆ, ಕುರಿ ಇವೆ. ಸವಿತಾ ಚಿಕ್ಕವಳಿರುವಾಗಲೇ ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಅವರೇ ಬೆಳೆಸಿದ್ದು. ಸವಿತಾಳ ಮದುವೆಯಾದ ಹೊಸದರಲ್ಲಿ ಹನುಮಂತಪ್ಪ ಮನೆಯ ಮೇಲೆ ಮಹಡಿ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು, ಬೀಗರಿಗೆ ಫೋನಿನಲ್ಲಿ ಹೇಳಿದರು. ಬೀಗರನ್ನು ಬಾಗಿಲಿಗೆ ಬಂದು ಕರೆಯಬೇಕು. ಹಾಲಪ್ಪ ಹೋಗಲಿಲ್ಲ. ಕಾರ್ಯಕ್ಕೇ ಬಾರದವರ ಜೊತೆ ಇನ್ನೇನು ಎಂದು ಹನುಮಂತಪ್ಪ ಮಾತು ಬಿಟ್ಟರು. ಇಲ್ಲಿ ಮಾತು ಬಿಡುವುದೆಂದರೆ ಜಗಳವಲ್ಲ. ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತು ಬರುತ್ತಾರೆ, ಮಾತಿಲ್ಲ ಅಷ್ಟೆ.

ಇದರ ಭಾರವೆಲ್ಲ ಸವಿತಾಳ ಮೇಲೆ. ನಮ್ಮಲ್ಲಿ ನಾಗರ ಪಂಚಮಿಯೆಂದರೆ ನಾಗಬನಕ್ಕೆ ಹೋಗಿ ಎಳನೀರು ಒಪ್ಪಿಸಿ, ಮನೆಗೆ ಬಂದು ಅರಿಶಿನ ಎಲೆಯ ಕಡುಬು ತಿನ್ನುವುದು. ಇಲ್ಲಿ ಅದು ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಜೋಕಾಲಿ ಕಟ್ಟುತ್ತಾರೆ, ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು ಮಾಡುತ್ತಾರೆ. ಆದರೆ ಮಗಳು ತಾನಾಗಿ ಹೊರಡುವಂತಿಲ್ಲ, ತವರಿನವರು ಬಂದು ಕರೆದೊಯ್ಯಬೇಕು. ಹಾಲಪ್ಪ ಆ ಬಾಗಿಲು ತುಳಿಯುವುದಿಲ್ಲ. ತವರಿನವರು ಕರೆಯಲು ಬಾರದೆ ಹನುಮಂತಪ್ಪ ಕಳಿಸುವುದಿಲ್ಲ. ಮದುವೆಯಾದ ಮೇಲಿನ ಮೊದಲ ಪಂಚಮಿ ಹಾಗೇ ಹೋಗಿತ್ತು. ಎರಡನೆಯದು ಹತ್ತಿರ ಬರುತ್ತಿತ್ತು.

"ನಮ್ಮಪ್ಪನ್ನೂ ಆಟಕ್ಕ ಕರೀಲೇನ್ರಿ ಅಕ್ಕಾರ?" ಎಂದು ಅವಳು ಕೇಳಿದ್ದು ಆಗಲೇ. "ನಿಮ್ಮನಿ ಅಂದ್ರ ಬರ್ತಾರ. ನೀವು ಯಾರ ಕಡಿಯೋರೂ ಅಲ್ಲ."

ಇಲ್ಲಿ ನಾನು ಯಾರ ಕಡೆಯವಳೂ ಅಲ್ಲ ಎಂಬುದು ಅಲ್ಲಿಯವರೆಗೆ ನನ್ನ ಒಂಟಿತನದ ಇನ್ನೊಂದು ಹೆಸರಾಗಿತ್ತು. ಅದರಿಂದ ಯಾರಿಗಾದರೂ ಉಪಯೋಗವಾಗಬಹುದೆಂದು ಎಣಿಸಿರಲಿಲ್ಲ.

ಹಾಲಪ್ಪ ಬಂದರು. ಟವೆಲು ಹಾಕಿದ್ದು ಆ ಸಂಜೆಯೇ. ಬಾಯಿ ಬಿಡದೆ ಇಬ್ಬರೂ ವ್ಯಾಪಾರ ಮಾಡಬಹುದಾದ ದಾರಿ ಅದೊಂದೇ ಇತ್ತು. ಮುಚ್ಚಿಟ್ಟು ಮಾಡುವ ಬದಲಾವಣೆ ಆ ಆಟದ ನಿಯಮಕ್ಕೆ ವಿರುದ್ಧ. ನಾನು ನಿಯಮ ಬಿಟ್ಟುಕೊಟ್ಟೆ. ಮುಂದಿನ ಶನಿವಾರಗಳಲ್ಲಿ ಬೇರೆಯವರೂ ಟವೆಲು ತಂದರು, ಸವಿತಾ ಸೆರಗನ್ನೇ ಟವೆಲು ಮಾಡಿಕೊಂಡು ನನ್ನ ಕಲ್ಲುಗಳನ್ನೆಲ್ಲ ಲೂಟಿ ಮಾಡಿದಳು. ಹಾಲಪ್ಪ ಬಂದ ಕೂಡಲೇ ಹನುಮಂತಪ್ಪ ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡುತ್ತಿದ್ದರು. ಬಜ್ಜಿಯ ತಟ್ಟೆಯನ್ನು ಬೀಗರ ಕಡೆ ತಳ್ಳುತ್ತಿದ್ದರು, ಮುಖ ಮಾತ್ರ ಬೇರೆ ಕಡೆ. ಸವಿತಾ ಇದನ್ನೆಲ್ಲ ಲೆಕ್ಕವಿಟ್ಟುಕೊಂಡು ಮೆಟ್ಟಿಲಲ್ಲಿ ನನಗೆ ಪಿಸುಗುಡುತ್ತಿದ್ದಳು.

ಪಂಚಮಿಗೆ ಮುಂಚಿನ ಶನಿವಾರ ಟವೆಲಿನ ಕೆಳಗಿನ ಎರಡು ಕೈಗಳು ಹೊರಗೆ ಬರಲು ತಡಮಾಡಿದವು. ಬಟ್ಟೆ ಮಿಸುಕುವುದು ನಿಂತಿತ್ತು. ಹನುಮಂತಪ್ಪ ಗೋಡೆಯಿಂದ ಕಣ್ಣು ತೆಗೆದು ಮೊದಲ ಬಾರಿಗೆ ಬೀಗರ ಮುಖ ನೋಡಿದರು. ಏನೋ ಹೇಳುವವರಂತೆ ಗಂಟಲು ಸರಿಮಾಡಿಕೊಂಡರು. ನನ್ನ ಪಕ್ಕದಲ್ಲಿ ಸವಿತಾ ಕೈಯಲ್ಲಿದ್ದ ದಾಳವನ್ನು ಚಾಪೆಯ ಮೇಲಿಟ್ಟಳು.

"ಏನ್ ಹಾಲಪ್ಪೋರೆ," ಅಂದರು ಮಂಜಣ್ಣ, ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡು. "ಇಷ್ಟೊತ್ತು ಚೌಕಾಸಿ! ಮಗಳನ್ನ ಎಷ್ಟಕ್ಕೆ ಕುದುರಿಸಿದ್ರಿ ಮಾರಾಯ್ರೆ?"

ಬೀಗರನ್ನು ಗೇಲಿ ಮಾಡುವುದು ಇಲ್ಲಿ ಎಲ್ಲರ ಹಕ್ಕು. ಮದುವೆಯ ಊಟದ ಪಂಕ್ತಿಯಲ್ಲಿ ಇದಕ್ಕಿಂತ ದೊಡ್ಡದನ್ನು ಹೇಳಿ ದಕ್ಕಿಸಿಕೊಳ್ಳುತ್ತಾರೆ. ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ಮಂಜಣ್ಣನ ಮನಸ್ಸಿನಲ್ಲಿ ಇದ್ದದ್ದು ಸಂತೋಷವೇ ಎಂದು ನಾನು ಇಂದಿಗೂ ನಂಬುತ್ತೇನೆ. ಆದರೆ ಟವೆಲಿನ ಕೆಳಗೆ ಕುದುರುವುದು ಕುರಿಯ ಬೆಲೆ. ನಗು ಮುಗಿಯುವ ಮೊದಲೇ ಎರಡೂ ಕೈ ಹಿಂದೆ ಸರಿದಿದ್ದವು.

ಹಾಲಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಮಗಳು ಕುರಿ ಅಲ್ರಿ ಮಂಜಣ್ಣಾರ," ಎಂದು ಮೆಲ್ಲಗೆ ಹೇಳಿ ಮೆಟ್ಟಿಲಿಳಿದರು. ಹನುಮಂತಪ್ಪ ತಮ್ಮ ಬಿಲ್ಲೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿ ಎದ್ದರು. "ನಡಿಯವ್ವ," ಎಂದರು ಸೊಸೆಗೆ. ಬಾಗಿಲಲ್ಲಿ ಸವಿತಾ ಒಮ್ಮೆ ತಿರುಗಿ ನೋಡಿದಳು. ಹಲಗೆಯ ಮೇಲೆ ಉಳಿದ ಅರ್ಧ ಊರನ್ನು ಆ ರಾತ್ರಿ ನಾನು ತೆಗೆದಿಡಲಿಲ್ಲ.

ಮರುದಿನ ಮಂಜಣ್ಣ ಮೊದಲು ಹನುಮಂತಪ್ಪನ ಅಂಗಡಿಗೆ ಹೋಗಿ ಕೈಮುಗಿದರು, ಆಮೇಲೆ ತೊಗರ್ಸಿಗೂ ಹೋಗಿ ಬಂದರು. ಎರಡೂ ಕಡೆ ಚಹಾ ಕೊಟ್ಟರಂತೆ. "ನಿಮ್ಮ ಮೇಲೆ ಸಿಟ್ಟಿಲ್ಲ ಅಂದ್ರು ಮೇಡಂ. ಅಲ್ಲಿಗೆ ಮುಗೀತು. ಪಂಚಮಿ ಮಾತು ಯಾರೂ ಎತ್ತಲಿಲ್ಲ."

ಪಂಚಮಿಯ ಬೆಳಿಗ್ಗೆ ಹಿತ್ತಲಿನ ಬೇವಿನ ಮರಕ್ಕೆ ಮಂಜಣ್ಣ ಜೋಕಾಲಿ ಕಟ್ಟುತ್ತಿದ್ದರು. ಅವರ ಮನೆಯಲ್ಲಿ ಜೀಕುವ ವಯಸ್ಸಿನವರು ಯಾರೂ ಇಲ್ಲ. ಮಧ್ಯಾಹ್ನ ಹಾಲಪ್ಪ ಉಂಡೆಯ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತರು. ಮಗಳ ಮನೆಯ ಓಣಿಗೆ ಹೋಗದೆ ನೇರ ಇಲ್ಲಿಗೆ ಬಂದಿದ್ದರು. ನಾನು ಹನುಮಂತಪ್ಪನ ಮನೆಗೆ ಹೋಗಿ, ಸವಿತಾಳನ್ನು ನಮ್ಮ ಮನೆಗೆ ಪಂಚಮಿಗೆ ಕರೆಯಲು ಬಂದಿದ್ದೇನೆ ಎಂದೆ. ಯಾರು ಬಂದಿದ್ದಾರೆಂದು ಅವರು ಕೇಳಲಿಲ್ಲ. "ಬಾಗಿಲಿಗೆ ಬಂದು ಕರದೀರಿ. ಕಳಸ್ದಂಗ ಇರಾಕ ಆಗತೇನ್ರಿ? ಹೊತ್ತು ಮುಳುಗಾದ್ರಾಗ ಬರ್ಲಿ," ಎಂದರು.

ಅವಳು ಜೀಕಿದಳು. ಅಪ್ಪ ದೂಡಿದರು. ತುಂತುರು ಮಳೆಯಿತ್ತು. ಅವಳು ಒಳಗೆ ಚಹಾ ಮಾಡುತ್ತಿದ್ದಾಗ ನಾನು ಹಾಲಪ್ಪನನ್ನು ಕೇಳಿದೆ, ಆ ಶನಿವಾರ ಟವೆಲಿನ ಕೆಳಗೆ ಏನು ವ್ಯಾಪಾರ ನಡೆದಿತ್ತೆಂದು.

"ವ್ಯಾಪಾರ ಆಗ್ಲೇ ಮುಗಿದಿತ್ರಿ," ಅಂದರು. "ಬೀಗ್ರು ಕೈ ಬಿಟ್ಟಿರಲಿಲ್ಲ."

ತವರಿನಿಂದ ಹೊರಡುವ ಹೆಣ್ಣುಮಗಳಿಗೆ ಇಲ್ಲಿ ಉಡಿ ತುಂಬುತ್ತಾರೆ. ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಕುಪ್ಪಸದ ಬಟ್ಟೆ ಹಾಕಿ ಕಳಿಸುವುದು. ಅದನ್ನು ಹೆಂಗಸರೇ ಮಾಡಬೇಕು. ನನಗೆ ಬರುವುದಿಲ್ಲ. ಹಾಲಪ್ಪ ಬಾಗಿಲ ಹೊರಗೆ ಬೆನ್ನು ತಿರುಗಿಸಿ ನಿಂತು ಯಾವುದಾದ ಮೇಲೆ ಯಾವುದೆಂದು ಹೇಳಿದರು, ನಾನು ಹಾಕಿದೆ. ಅಕ್ಕಿ ಒಂದಿಷ್ಟು ನೆಲಕ್ಕೆ ಚೆಲ್ಲಿತು. ಸವಿತಾ ನಗಲಿಲ್ಲ.

ಗೇಟಿನ ಹತ್ತಿರ ಅವಳು ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಆಟಕ್ಕೆ ಇನ್ನು ಮಾವ ಬರುವುದಿಲ್ಲ, ಹಾಗಾಗಿ ತಾನೂ ಬರುವಂತಿಲ್ಲ ಎಂದಳು. ಆಮೇಲೆ ಕೇಳಿದಳು, "ಮುಂದಿನ ಪಂಚಮಿಗೂ ಇಲ್ಲೇ ಇರ್ತೀರಲ್ರಿ ಅಕ್ಕಾರ?"

ಮಂಗಳೂರಿಗೆ ವರ್ಗಾವಣೆ ಕೇಳಿ ನನ್ನ ಗಂಡ ಅರ್ಜಿ ಹಾಕಿ ಆಗಿತ್ತು. ಅರ್ಜಿ ಹಾಕಿ ಎಂದು ಬೇಸಿಗೆಯಿಡೀ ಬೆನ್ನು ಹತ್ತಿದವಳು ನಾನು. ಮುಂದಿನ ವರ್ಷ ನನ್ನ ಒಲೆಯ ಮೇಲೆ ನನಗೆ ಬೇಕಾದ್ದು ಬೇಯುತ್ತದೆ, ಅಮ್ಮನ ಮನೆಗೆ ಅರ್ಧ ಗಂಟೆಯ ದಾರಿ, ದಿನವಿಡೀ ತುಳು ಎಂದು ದಿನ ಎಣಿಸುತ್ತಿದ್ದವಳೂ ನಾನೇ. ಹಬ್ಬಕ್ಕೆ ರಜೆ ಹಾಕಿ ಮನೆಯಲ್ಲಿದ್ದ ಗಂಡ ಮೆಟ್ಟಿಲ ಮೇಲೆ ನಿಂತು ಅವಳ ಪ್ರಶ್ನೆಯನ್ನು ಕೇಳಿಸಿಕೊಂಡರು.

"ಇರ್ತೇವೆ," ಅಂದೆ.

ಗಂಡ ಮೆಟ್ಟಿಲು ಹತ್ತಿ ಒಳಗೆ ಹೋದರು. ಸವಿತಾ ಮೂರನೆಯ ಓಣಿಯ ತಿರುವು ದಾಟುವವರೆಗೆ ಹಾಲಪ್ಪ ಮತ್ತು ನಾನು ಗೇಟಿನಲ್ಲಿ ನಿಂತಿದ್ದೆವು.