ಬೈಕ್ ಏರಿ ಬಂದ ಸ್ಟೆಪ್ನಿ

ನನ್ನ ಗಂಡನ ಕೊರಳಿಗೆ ಮೆಡಲ್ ಬಿದ್ದು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ. ಅದನ್ನು ತೆಗೆದು ವಾಪಸ್ ಕೊಡಬೇಕಾಯಿತು. ಕಾರಣ? ಒಂದು ಸ್ಟೆಪ್ನಿ. ಹೌದು, ಕಾರಿನ ಡಿಕ್ಕಿಯಲ್ಲಿ ವರ್ಷಗಟ್ಟಲೆ ಮಲಗಿರುವ, ಪಂಕ್ಚರ್ ಆದಾಗ ಮಾತ್ರ ನೆನಪಾಗುವ ಅದೇ ಹೆಚ್ಚುವರಿ ಗಾಲಿ.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಕಡೆ ವರ್ಷಕ್ಕೊಮ್ಮೆ ಒಂದು ಕಾರ್ ರೇಸ್ ನಡೆಯುತ್ತದೆ. ರೇಸ್ ಎಂದ ಕೂಡಲೇ ಭರ್ರೆಂದು ಹಾರುವ ಗಾಡಿಗಳನ್ನು ಊಹಿಸಿಕೊಳ್ಳಬೇಡಿ. ಇದು ತಾಳಿಕೆಯ ಪರೀಕ್ಷೆ. ಬೆಳಗಾಗುತ್ತಲೇ ಕಿತ್ತೂರು ಬಿಟ್ಟು ಬೈಲಹೊಂಗಲ, ನೇಸರಗಿ, ಯರಗಟ್ಟಿ, ರಾಮದುರ್ಗ, ಸವದತ್ತಿ ಸುತ್ತಿ, ಹೊತ್ತು ಮುಳುಗುವುದರೊಳಗೆ ಮತ್ತೆ ಕಿತ್ತೂರು ಮುಟ್ಟಬೇಕು. ಡಾಂಬರು ಕಡಿಮೆ, ಹೊಲದ ದಾರಿ ಹೆಚ್ಚು. ಪುಣೆ, ಬೆಂಗಳೂರಿನಿಂದ ಪ್ರೊಫೆಷನಲ್‌ಗಳು ಬರುತ್ತಾರೆ. ಗಾಡಿಯ ತುಂಬ ಸ್ಟಿಕ್ಕರ್, ಹಿಂದೆ ಅವರದೇ ಮೆಕ್ಯಾನಿಕ್‌ಗಳ ವ್ಯಾನು. ಅವರ ನಡುವೆ ನಮ್ಮಂಥ ಅಮೆಚೂರ್‌ಗಳು, ಸಂತೆಗೆ ಹೋಗಿಬರುವ ಕಾರಿಗೇ ನಂಬರ್ ಅಂಟಿಸಿಕೊಂಡು.

ಬೈಲಹೊಂಗಲದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ನನ್ನ ಗಂಡ ಶಿವಾನಂದನಿಗೆ ಗೆಲ್ಲುವ ಆಸೆ ಎಂದೂ ಇರಲಿಲ್ಲ. ಮುಗಿಸಿದವರಿಗೆಲ್ಲ ಕೊಡುವ ಮೆಡಲ್ ಒಂದು ಸಿಕ್ಕರೆ ಸಾಕಿತ್ತು. ಪ್ರತಿ ವರ್ಷವೂ ಎಲ್ಲೋ ಒಂದು ಕಡೆ ಗಾಡಿ ಕೈಕೊಡುತ್ತಿತ್ತು. ಆದರೂ ಪಡಸಾಲೆಯ ಗೋಡೆಗೆ ಮೊಳೆ ಹೊಡೆದಾಗಿತ್ತು. (ಕೂಸು ಹುಟ್ಟುವ ಮುನ್ನ ಕುಲಾವಿ!) ಈ ಸಲವಂತೂ ಸೊಂಟ ನೋಡಿದ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು, ಇದೇ ಕೊನೆಯ ರೇಸ್ ಎಂದು. ಅವನ ಪಕ್ಕದಲ್ಲಿ ಮ್ಯಾಪ್ ಹಿಡಿದು ಕೂತು ದಾರಿ ಹೇಳುವವಳು ನಾನು. ಮನೆಯಲ್ಲೂ ನನ್ನದು ಅದೇ ಕೆಲಸ, ಬಿಡಿ.

ರೇಸಿಗೆ ಒಂದು ಕಟ್ಟುನಿಟ್ಟಾದ ರೂಲ್ ಇದೆ. ದಾರಿಯಲ್ಲಿ ಹೊರಗಿನವರ ನೆರವು ಪಡೆದರೆ ಅನರ್ಹ. ನೆನಪಿಟ್ಟುಕೊಳ್ಳಿ.

ಯರಗಟ್ಟಿ ದಾಟಿ ಹೊಲದ ದಾರಿಗೆ ಇಳಿದೆವು. ನಾಲ್ಕು ದಿನದ ಹಿಂದೆ ಮಳೆಯಾಗಿತ್ತು; ಹೊಲ ಹದಕ್ಕೆ ಬಂದಿದ್ದರೂ ದಾರಿಯ ತಗ್ಗು ಇನ್ನೂ ಹಸಿಯಾಗಿಯೇ ಇತ್ತು. ಎರೆಮಣ್ಣು ಗೊತ್ತಲ್ಲ? ಒಣಗಿದರೆ ಕಲ್ಲು, ನೆನೆದರೆ ಬೆಣ್ಣೆ. ನಮ್ಮ ಕಾರು ಹೊಟ್ಟೆಯವರೆಗೆ ಹೂತಿತು. ಶಿವಾನಂದ ಆಕ್ಸಿಲರೇಟರ್ ತುಳಿದಷ್ಟೂ ಒಳಕ್ಕೆ ಹೋಯಿತು. ನನ್ನ ಕಣ್ಣ ಮುಂದೆ ಆ ಖಾಲಿ ಮೊಳೆಯೇ ಬಂತು.

ಪಕ್ಕದ ಹೊಲದಲ್ಲಿ ಕಡಲೆ ಬಿತ್ತುತ್ತಿದ್ದವರು ಕೆಲಸ ಬಿಟ್ಟು ಓಡಿ ಬಂದರು. ಮುಂದೆ ಸೀರೆ ಎತ್ತಿ ಕಟ್ಟಿದ ಗಟ್ಟಿ ಹೆಂಗಸು, ಗಂಗವ್ವ. ಅವಳ ಹಿಂದೆ ಗಂಡ ಯಲ್ಲಪ್ಪ, ಅವನ ಹಿಂದೆ ಉಳಿದವರು.

“ಮುಟ್ಟಬ್ಯಾಡ್ರಿ! ಗಾಡಿ ಮುಟ್ಟಬ್ಯಾಡ್ರಿ! ರೂಲ್ ಐತಿ!” ಶಿವಾನಂದ ಕಿಟಕಿಯಿಂದ ಕೂಗಿದ.

“ಎಂಥಾ ರೂಲ್ ರೀ ಅಣ್ಣಾರ? ಹುಗದ ಗಾಡಿ ನೋಡ್ಕೋತ ನಿಂದ್ರಾಕ ನಾವೇನ ಕಲ್ಲೇನು?” ಎಂದಳು ಗಂಗವ್ವ. “ನೀವು ಸುಮ್ಮ ಒಳಗ ಕುಂಡ್ರಿ.”

ಭಾರ ಇಳಿಸಬೇಕೆಂದು ಅವರೇ ಡಿಕ್ಕಿ ತೆಗೆದರು. ಸ್ಟೆಪ್ನಿ ಹೊಲದ ಬದುವಿಗೆ ಹೋಯಿತು. ಗಾಲಿಯ ಕೆಳಗೆ ಜೋಳದ ಕಣಿಕೆ, ಅಂದರೆ ಒಣಗಿದ ದಂಟು, ಬಿತ್ತು. ನಮ್ಮನ್ನು ಒಳಗೇ ಕೂರಿಸಿ, ಹೋ ಎಂದು ಕೂಗಿ ಎತ್ತಿಯೇಬಿಟ್ಟರು. ಕಾರು ಮುಂದಕ್ಕೆ ನೆಗೆಯಿತು.

“ನಿಂದ್ರಬ್ಯಾಡ್ರಿ! ನಿಂತ್ರ ಮತ್ತ ಹುಗೀತೈತಿ! ಹೊಡೀರಿ ಹಂಗ!” ಗಂಗವ್ವ ಹಿಂದಿನಿಂದ ಕೂಗುತ್ತಿದ್ದಳು. ನಾವು ನಿಲ್ಲಿಸಲಿಲ್ಲ. ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಕನ್ನಡಿಯಲ್ಲಿ ಅವರು ಕೈಬೀಸುತ್ತಿದ್ದದ್ದು ಮಾತ್ರ ಕಂಡಿತು.

ಸವದತ್ತಿ ಹತ್ತಿರ ಬಂದಾಗ ಶಿವಾನಂದ ಅಂದ, “ಒಂದ ಮಾತ ಹೇಳ್ದ ಬಂದ್ವಿ ನೋಡು. ಹಳಹಳಿ ಆಗಾಕತ್ತೈತಿ.” ಸ್ಟೆಪ್ನಿಯ ನೆನಪು ಇಬ್ಬರಿಗೂ ಇರಲಿಲ್ಲ.

ಹೊತ್ತು ಮುಳುಗುವ ಮುಂಚೆ ಕಿತ್ತೂರು ಮುಟ್ಟಿದೆವು. ನೆರವು ಪಡೆದಿರಾ ಎಂದು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. (ನೀವಾಗಿದ್ದರೆ ಹೇಳುತ್ತಿದ್ದಿರಾ? ಎದೆ ಮುಟ್ಟಿಕೊಂಡು ಹೇಳಿ.) ರೇಸಿನ ಮುಖ್ಯಸ್ಥರು ಮೆಡಲ್ ಹಾಕಿದರು. ಮದುಮಗನ ಹಾಗೆ ತಲೆತಗ್ಗಿಸಿ ನಿಂತಿದ್ದ ಗಂಡನ ಫೋಟೋ ತೆಗೆದೆ.

ಅಷ್ಟರಲ್ಲಿ ಜನರ ನಡುವೆ ಒಂದು ಬೈಕು ನುಗ್ಗಿ ಬಂತು. ಓಡಿಸುತ್ತಿದ್ದವನು ಯಲ್ಲಪ್ಪ. ಹಿಂದೆ ತೊಡೆಯ ಮೇಲೆ ನಮ್ಮ ಸ್ಟೆಪ್ನಿಯನ್ನು ಕೂಸಿನಂತೆ ಅವುಚಿಕೊಂಡ ಗಂಗವ್ವ.

“ಸಿಕ್ರಲ್ಲರೀ ಅಕ್ಕಾರ! ರೇಸ್ ಕಿತ್ತೂರಾಗ ಮುಗೀತೈತಿ ಅಂತ ಕೇಳ್ಕೋತ ಬಂದ್ವಿ. ದಾರ್ಯಾಗ ಪಂಚರ್ ಆದ್ರ ಏನ್ ಗತಿ ಅಂತ ಜೀವ ಅನ್ನೂದು ತಡೀಲಿಲ್ಲ.” ಅಷ್ಟಕ್ಕೇ ನಿಲ್ಲಿಸಿದ್ದರೆ! ಮುಖ್ಯಸ್ಥರ ಕಡೆ ತಿರುಗಿ ಹೆಮ್ಮೆಯಿಂದ ಅಂದಳು, “ಇವರ ಗಾಡಿ ಹೊಟ್ಟಿಮಟ ಹುಗದಿತ್ತರೀ ಸಾಹೇಬ್ರ. ನಾವ ಎಲ್ಲಾರೂ ಕೂಡಿ ಎತ್ತಿ ಇಟ್ಟಿವಿ. ಇಲ್ಲಂದ್ರ ಇನ್ನೂ ಅಲ್ಲೇ ಇರ್ತಿದ್ರು ನೋಡ್ರಿ!”

ಮುಖ್ಯಸ್ಥರ ಮುಖ ಇಳಿಯಿತು. ಅವರು ಬಾಯಿ ತೆರೆಯುವ ಮೊದಲೇ ಶಿವಾನಂದ ಮೆಡಲ್ ತೆಗೆದು ಅವರ ಕೈಗಿಟ್ಟ.

ಗಂಗವ್ವನಿಗೆ ವಿಷಯ ತಿಳಿಸಿದಾಗ ಅವಳು ತಟ್ಟನೆ ಮುಖ್ಯಸ್ಥರ ಕಡೆ ತಿರುಗಿ, “ಸಾಹೇಬ್ರ, ನಾ ಸುಳ್ಳ ಹೇಳೀನಿ ಅಂತ ತಿಳೀರಿ. ಎತ್ತೇ ಇಲ್ಲ ನಾವು” ಎಂದು ಎರಡೂ ಕೈ ಅಲ್ಲಾಡಿಸಿದಳು. ಮೊಳಕೈವರೆಗೆ ಎರೆಮಣ್ಣು ಒಣಗಿ ಅಂಟಿತ್ತು. ಮುಖ್ಯಸ್ಥರಿಗೂ ನಗು ತಡೆಯಲಿಲ್ಲ. ಆದರೆ ರೂಲ್ ಎಂದರೆ ರೂಲ್.

“ಇರಲಿ ಬಿಡು ತಂಗಿ” ಎಂದ ಶಿವಾನಂದ. “ಥ್ಯಾಂಕ್ಸ್ ಹೇಳೂದು ಉಳದಿತ್ತು. ನೀವ ಬಂದ ಇಸ್ಕೊಂಡ್ರಿ.” ನನ್ನ ಕಣ್ಣು ತುಂಬಿತ್ತು, ಮೆಡಲ್ ಹೋದದ್ದಕ್ಕಲ್ಲ. ಬಿತ್ತನೆಯ ದಿನ, ಅರ್ಧ ಹೊಲ ಬಾಕಿ ಬಿಟ್ಟು, ಹೆಸರೂ ಗೊತ್ತಿಲ್ಲದವರ ಗಾಲಿ ಹೊತ್ತು ಇಷ್ಟು ದೂರ ಬರುವ ಜನ ನಮ್ಮ ಪಕ್ಕದಲ್ಲೇ ಇದ್ದಾರೆ. ಇದಕ್ಕಿಂತ ದೊಡ್ಡ ಭಾಗ್ಯ ಇನ್ನೇನು ಬೇಕು?

ವಾಪಸ್ ಹೋಗುವ ದಾರಿಯಲ್ಲೇ ನಮ್ಮ ಮನೆ. ಬಿಡಲಿಲ್ಲ, ರೊಟ್ಟಿ ಬಡಿದು ಬಡಿಸಿದೆ. ಉಣ್ಣುತ್ತಿದ್ದ ಗಂಗವ್ವನ ಕಣ್ಣು ಗೋಡೆಗೆ ಹೋಯಿತು. “ಆ ಮೊಳಿ ಯಾಕ ಖಾಲಿ ಐತ್ರಿ ಅಣ್ಣಾರ?”

“ಕ್ಯಾಲೆಂಡರ್ ಹಾಕಾಕ” ಎಂದ ಶಿವಾನಂದ, ಕಣ್ಣು ಮಿಟುಕಿಸದೆ.

ಒಂದು ವಿಷಯ ಮಾತ್ರ ನನಗೆ ಇನ್ನೂ ಅರ್ಥವಾಗಿಲ್ಲ. ಸಂಬಳ ಕೊಟ್ಟು ವ್ಯಾನಿನಲ್ಲಿ ಕರೆತಂದ ಮೆಕ್ಯಾನಿಕ್ ಒಳಗಿನವನು, ಕರೆಯದೆ ಓಡಿ ಬಂದ ಗಂಗವ್ವ ಹೊರಗಿನವಳು. ಈ ರೂಲ್ ಬರೆದವರ ಗಾಡಿ ಒಮ್ಮೆಯಾದರೂ ನಮ್ಮ ಎರೆಮಣ್ಣಿನಲ್ಲಿ ಹೂತಿದೆಯೇ?