ಮೊದಲು ತೋಳು ಚಾಚಿದ ಪೂಜಾರಪ್ಪ

ಹಿರಿಯೂರಿನ ಕಡೆಯ ಆ ಗೊಲ್ಲರಹಟ್ಟಿಯಲ್ಲಿ ಯತ್ತಪ್ಪನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಪೂಜಾರಪ್ಪ. ಹೆಂಡತಿ ಗಂಗಕ್ಕನಿಗೂ ಪೂಜಾರಪ್ಪನೇ. ಸಿಟ್ಟು ಬಂದಾಗ ಮಾತ್ರ ಅವಳ ಬಾಯಲ್ಲಿ ಅದು "ಪೂಜಾರಪ್ಪನೋರೇ" ಆಗುತ್ತಿತ್ತು. ಅಷ್ಟು ಮರ್ಯಾದೆ ಕಿವಿಗೆ ಬಿತ್ತೆಂದರೆ ಅವನು ಕಂಬಳಿ ಹೆಗಲಿಗೇರಿಸಿ ಮೆಲ್ಲಗೆ ಕುರಿರೊಪ್ಪದ ಕಡೆ ನಡೆದುಬಿಡುತ್ತಿದ್ದ.

ಗೊಲ್ಲರ ದೇವರು ಜುಂಜಪ್ಪನ ಪೂಜೆ ಅವನಿಗೆ ಅಪ್ಪನಿಂದ ಬಂದದ್ದು. ಗುಡಿಗೆ ಗೋಪುರವಿಲ್ಲ. ಸುತ್ತ ಆಳೆತ್ತರದ ಮುಳ್ಳಿನ ಬೇಲಿ, ಒಳಗೆ ದೇವರು, ಒಂದು ಗಂಟೆ. ಸೋಮವಾರ ಬೆಳಿಗ್ಗೆ ಬಾವಿಯ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಹಾಲು ಕರೆದು, ಗಡಿಗೆಯನ್ನು ತಲೆಯ ಮೇಲಿಟ್ಟುಕೊಂಡು ಗುಡಿಗೆ ನಡೆಯಬೇಕು. ಅದು ಮೀಸಲು ಹಾಲು. ದೇವರ ಮುಂದೆ ಇಳಿಸುವ ತನಕ ಯಾರೂ ಅದನ್ನು ಮುಟ್ಟುವಂತಿಲ್ಲ. ಹೊತ್ತವನು ಮಾತಾಡುವಂತಿಲ್ಲ, ಮೈಲಿಗೆಯಾಗುವಂತಿಲ್ಲ. ಗಂಗಕ್ಕ ಮದುವೆಯಾಗಿ ಬಂದ ವರ್ಷದಿಂದ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳು. ಏರುದಾರಿಯಲ್ಲೂ ಗಡಿಗೆ ಅಲುಗುತ್ತಿರಲಿಲ್ಲ, ಅವನ ಮೀಸೆ ಮಾತ್ರ ಗಾಳಿಗೆ ಅಲುಗುತ್ತಿತ್ತು. ಅವನು ಬೇಲಿಯೊಳಗೆ ಮರೆಯಾದ ಮೇಲೆ ಅವಳು ಅಲ್ಲಿಂದಲೇ ಕೈಮುಗಿದು ಒಲೆಯ ಮುಂದೆ ಹೋಗಿ ಕೂರುತ್ತಿದ್ದಳು.

ಕುರಿಗಳಿಗೆ ಸೂಜಿ ಹಾಕಿಸುವಾಗ ಆ ಹಟ್ಟಿಯವರದು ಒಂದು ಕ್ರಮ. ಇಕ್ಕಟ್ಟಿನ ಗೇಟು ಕಂಡರೆ ಹಿಂಡು ಹಿಂದಕ್ಕೆ ಒತ್ತುತ್ತದೆ. ಆಗ ಮುಂದಾಳು ಟಗರಿನ ಕೊಂಬು ಹಿಡಿದು ಮೊದಲು ಅದನ್ನು ದಾಟಿಸುತ್ತಾರೆ. ಅದು ದಾಟಿತೆಂದರೆ ಉಳಿದವು ತಾವಾಗಿಯೇ ಹಿಂದೆ ಬರುತ್ತವೆ. ಒಂದಕ್ಕೆ ರೋಗವಿದ್ದರೂ ಸೂಜಿ ಎಲ್ಲಕ್ಕೂ ಬೀಳಬೇಕು.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಹಟ್ಟಿಯ ಶಾಲೆಗೆ ವೈದ್ಯರ ಶಿಬಿರ ಬಂತು. ಕಣ್ಣು, ಸಕ್ಕರೆ ಕಾಯಿಲೆ, ಬಿಪಿ, ಜೊತೆಗೆ ವಯಸ್ಸಾದ ಗಂಡಸರಿಗೆ ಒಂದು ಹೊಸ ರಕ್ತಪರೀಕ್ಷೆ. ಮೂತ್ರಕೋಶದ ಕೆಳಗೆ ಗಂಡಸರಿಗೆ ಮಾತ್ರ ಇರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದರೆ ಇದರಿಂದ ಸುಳಿವು ಸಿಗುತ್ತದೆ ಎಂದು ಮೈಕಿನಲ್ಲಿ ಹೇಳಿದರು. ಮುದುಕರೆಲ್ಲ ಹುಣಸೆಮರದ ಕೆಳಗೇ ನಿಂತರು. ಅವರಲ್ಲಿ ಗೊಲ್ಲಪ್ಪ ಎಂಬವನು, "ಪೂಜಾರಪ್ಪ ಚುಚ್ಚಿಸ್ಕಂಡ್ರೆ ನಾನೂ ಚುಚ್ಚಿಸ್ಕಂತೀನಿ," ಎಂದ.

ಯತ್ತಪ್ಪ ಅಂಗಿಯ ತೋಳು ಮಡಚಿ ಮೊದಲ ಕುರ್ಚಿಯಲ್ಲಿ ಕುಳಿತ.

"ಮೂತ್ರಕ್ಕೆ ಏನಾದ್ರೂ ತೊಂದ್ರೆ ಐತಾ ಯಜಮಾನ್ರೇ?" ಎಂದು ನರ್ಸ್ ಕೇಳಿದಳು.

"ನಂಗೇನು ತೊಂದ್ರೆ? ಇವರೆಲ್ಲ ಬರ್ಲಿ ಅಂತ ಬಂದೆ ಕಣವ್ವ."

ಅಷ್ಟೇ. ಪರೀಕ್ಷೆಯಲ್ಲಿ ಹೆಚ್ಚು ಬಂದರೆ ಮುಂದೇನು ಎಂದು ಅವಳೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಹಿಂಡು ಹಿಂದೆಯೇ ಬಂತು. ಆ ಸಂಜೆ ಮುದ್ದೆ ಕಟ್ಟುತ್ತ ಗಂಗಕ್ಕ, "ಏನು ಟಗರಪ್ಪ, ಎಲ್ರುನ್ನೂ ದಾಟಿಸಿ ಬಂದ್ಯಾ?" ಎಂದು ನಕ್ಕಳು. ಅವನೂ ನಕ್ಕ.

ಹೆಚ್ಚು ಬಂದದ್ದು ಅವನಿಗೊಬ್ಬನಿಗೇ.

ಮಗ ಮಂಜಣ್ಣ ಚಿತ್ರದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತ. ಸುದ್ದಿ ತಿಳಿದ ಕೂಡಲೇ ರಜೆ ಹಾಕಿ ಅಪ್ಪನನ್ನು ದುರ್ಗಕ್ಕೆ ಕರೆದುಕೊಂಡು ಹೋದ. ಅಲ್ಲಿ ಡಾಕ್ಟರ್ ಶ್ರೀನಿವಾಸ್ ಎಂಬವರು ಮತ್ತೊಮ್ಮೆ ರಕ್ತ ನೋಡಿದರು, ಆಗಲೂ ಹೆಚ್ಚೇ. ಹಿಂಬದಿಯಿಂದ ಸೂಜಿ ಹಾಕಿ ಗ್ರಂಥಿಯ ಚೂರು ತೆಗೆದು ಬೆಂಗಳೂರಿಗೆ ಕಳಿಸಿದರು. ಆ ಸೂಜಿಯ ನಂಜಿಗೆ ಯತ್ತಪ್ಪನಿಗೆ ಚಳಿಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಎಂದೂ ಒಂದು ಮಾತ್ರೆ ನುಂಗದವನ ಕೈಗೆ ಗ್ಲೂಕೋಸ್ ಕೊಳವೆ ಸಿಕ್ಕಿಸಿದ್ದನ್ನು ನೋಡುತ್ತ ಗಂಗಕ್ಕ ಮಂಚದ ಪಕ್ಕ ನೆಲದ ಮೇಲೆ ಕೂತೇ ಇದ್ದಳು. ಅವನ ಬದಲಿಗೆ ಆ ಸೋಮವಾರ ತಮ್ಮನ ಮಗ ಹಾಲು ಹೊತ್ತ.

ಜ್ವರ ಇಳಿದ ಮೇಲೆ ಡಾಕ್ಟರು ಮೂವರನ್ನೂ ಒಳಗೆ ಕರೆದರು.

"ಕ್ಯಾನ್ಸರ್ ಐತೆ. ಸಣ್ಣದು. ನಿಧಾನದ್ದು ಅನ್ನಿಸ್ತದೆ," ಎಂದರು.

ಗಂಗಕ್ಕನಿಗೆ ಮೊದಲ ಮಾತು ಕೇಳಿಸಿತು, ಉಳಿದದ್ದು ಕೇಳಿಸಲಿಲ್ಲ. "ತೆಗೆದುಬಿಡ್ರಿ ಸಾಮಿ," ಎಂದಳು. "ಹೌದು ಸಾರ್, ತೆಗೆದುಬಿಡಿ," ಎಂದ ಮಂಜಣ್ಣ.

"ಸ್ವಲ್ಪ ಕೇಳ್ರಿ. ಈ ವಯಸ್ಸಿನ ಗಂಡಸರಲ್ಲಿ ಬಾಳ ಜನಕ್ಕೆ ಇದು ಗೊತ್ತೇ ಆಗದಂಗೆ ಇರ್ತದೆ. ಇದನ್ನ ಇಟ್ಕೊಂಡೇ ಬದುಕಿ, ಕೊನೆಗೆ ಬೇರೆ ಯಾವುದಕ್ಕೋ ಹೋಗ್ತಾರೆ. ಕೆಲವರಿಗೆ ಮಾತ್ರ ಬೆಳೆದು ಎಲುಬಿಗೆ ಇಳೀತದೆ. ನಿಮ್ಮದು ಮೊದಲನೇ ಥರದ್ದು ಅಂತ ನನಗೆ ಅನ್ನಿಸ್ತದೆ. ಖಾತ್ರಿ ಕೊಡಕ್ಕೆ ಮಾತ್ರ ನನ್ನ ಕೈಯಲ್ಲಾಗಲ್ಲ."

"ಹಂಗಾದ್ರೆ ತೆಗೆಯೋದೇ ಒಳ್ಳೇದಲ್ವಾ?"

"ತೆಗೆಯೋದಕ್ಕೂ ತೊಂದ್ರೆ ಐತೆ ಮಂಜಣ್ಣ. ಕೆಲವರಿಗೆ ಆಮೇಲೆ ಮೂತ್ರ ಹಿಡಿತಕ್ಕೆ ಸಿಗಲ್ಲ. ಕೆಮ್ಮಿದ್ರೆ, ಭಾರ ಎತ್ತಿದ್ರೆ ಹನಿ ಬೀಳ್ತದೆ. ಬರಬರುತ್ತಾ ಸರಿಹೋಗೋರು ಇದಾರೆ, ಹೋಗದೇ ಇರೋರೂ ಇದಾರೆ." ಡಾಕ್ಟರು ದನಿ ತಗ್ಗಿಸಿದರು. "ಗಂಡ ಹೆಂಡ್ರ ಸಂಬಂಧಕ್ಕೂ ತೊಂದ್ರೆ ಆಗಬಹುದು."

ಮಂಜಣ್ಣ ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಗಂಗಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅದು ಬಿಡ್ರಿ ಡಾಕ್ಟ್ರೇ," ಎಂದ ಯತ್ತಪ್ಪ. ಅಲ್ಲಿಯವರೆಗೆ ಕಿಟಕಿಯಾಚೆ ಕೋಟೆಯ ಬಂಡೆ ನೋಡುತ್ತಿದ್ದವನು ಆಗ ಅವರ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದ. "ತಲೆ ಮ್ಯಾಲೆ ಗಡಿಗೆ ಹೊತ್ರೆ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಗಂಗಕ್ಕ ವಿವರಿಸಿದಳು. ಅವರು ಪೆನ್ನು ಕೆಳಗಿಟ್ಟು, "ಬೀಳಬಹುದು ಯಜಮಾನ್ರೇ," ಎಂದರು. "ಅವಸರ ಇಲ್ಲ. ಮನೆಗೆ ಹೋಗಿ ಯೋಚನೆ ಮಾಡ್ರಿ. ತೆಗೆಸದೇ ಇದ್ರೆ ಸುಮ್ಮನೆ ಬಿಡೋದು ಅಂತಲ್ಲ. ಆಗಾಗ ಬಂದು ರಕ್ತ ಕೊಡಬೇಕು, ನಾನು ನೋಡ್ತಿರ್ತೀನಿ. ಬೆಳೆಯೋ ಲಕ್ಷಣ ಕಂಡ್ರೆ ಆವಾಗ ಮುಂದಿನ ಮಾತು."

ಮನೆಗೆ ಬಂದ ಮೇಲೆ ಗಂಗಕ್ಕ ಅವನನ್ನು ಬಿಡಲಿಲ್ಲ. ಮೈಯೊಳಗೆ ಕ್ಯಾನ್ಸರ್ ಇಟ್ಟುಕೊಂಡು ಮಲಗುವುದು ಹೇಗೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಹಾವು ಮನೆಯೊಳಗಿದೆ, ಕಚ್ಚುವುದಿಲ್ಲ, ಮಲಗು ಎಂದಂತಾಗಿತ್ತು ಅವಳಿಗೆ.

"ಹಾಲು ಹೊರೋಕೆ ತಮ್ಮನ ಮಗ ಅವ್ನೆ. ಜುಂಜಪ್ಪ ಏನೂ ಬ್ಯಾಡ ಅನ್ನಲ್ಲ," ಎಂದಳು.

"ಹನಿ ಬೀಳೋ ಮೈ ಇಟ್ಕಂಡು ಬೇಲಿಯೊಳಗೆ ಕಾಲಿಡಾಕಾಗಲ್ಲ ಗಂಗಿ. ಹೊರೋದು ಅಷ್ಟೇ ಅಲ್ಲ. ದೇವರ ಹತ್ರಾನೇ ಹೋಗಂಗಿಲ್ಲ."

"ಹೊರಗೆ ನಿಂತ್ರೆ ಏನಾತು ಪೂಜಾರಪ್ಪನೋರೇ? ನಾವು ಹೆಂಗಸರು ವಯಸ್ಸಿನಾಗೆಲ್ಲ ತಿಂಗಳಿಗೊಂದ್ಸಲ ಹಟ್ಟಿ ಹೊರಗೆ ಕುಂತಿಲ್ವಾ? ಮಳೆನಾಗೂ ಕುಂತಿದೀವಿ, ಚಳಿನಾಗೂ ಕುಂತಿದೀವಿ. ಆವಾಗ ಒಂದಿನ ನಮಗೆ ಏನನ್ನಿಸ್ತೈತೆ ಅಂತ ಕೇಳಿದ್ಯಾ?"

ಯತ್ತಪ್ಪ ಈ ಸಲ ಕಂಬಳಿ ಎತ್ತಿಕೊಳ್ಳಲಿಲ್ಲ. "ಕೇಳ್ಲಿಲ್ಲ," ಎಂದ. "ಆದ್ರೆ ನೀನು ತಿರುಗಿ ಒಳಗೆ ಬರ್ತಿದ್ದೆ. ನಾನು ಬರಂಗಿಲ್ಲ."

ಗಂಗಕ್ಕನಿಗೆ ಹೊಳಲ್ಕೆರೆಯ ಪಾಲಯ್ಯ ನೆನಪಾದ. ಪ್ರತಿ ವರ್ಷ ಕುರಿಯ ಉಣ್ಣೆ ಕತ್ತರಿಸುವ ಕಾಲಕ್ಕೆ ಬಂದು ಉಣ್ಣೆ ಕೊಳ್ಳುತ್ತಿದ್ದವನು, ಅವರ ಮನೆಯ ಮುದ್ದೆ ತಿಂದು ಉಣ್ಣೆಮೂಟೆಯ ಮೇಲೇ ನಿದ್ದೆ ಹೊಡೆಯುತ್ತಿದ್ದವನು. ಅವನಿಗೂ ಇದೇ ಆಪರೇಷನ್ ಆಗಿತ್ತೆಂದು ಕೇಳಿದ್ದಳು. ಆಮೇಲೆ ಅವನು ಹಟ್ಟಿಯ ಕಡೆ ಬಂದಿರಲಿಲ್ಲ. ಬದುಕಿರುವ ಮನುಷ್ಯನನ್ನು ಕಣ್ಣಾರೆ ನೋಡಿದರೆ ಗಂಡನಿಗೆ ಧೈರ್ಯ ಬಂದೀತು ಎಂದು ಅವಳೇ ಅವನನ್ನು ಬಸ್ಸು ಹತ್ತಿಸಿಕೊಂಡು ಹೋದಳು.

ಪಾಲಯ್ಯ "ಬರ್ರಿ, ಕುಂತ್ಕಳ್ರಿ," ಎಂದು ಚಾಪೆ ಹಾಸಿದ. ತಾನು ಮಾತ್ರ ಕಂಬಕ್ಕೆ ಒರಗಿ ನಿಂತೇ ಇದ್ದ.

"ನಂಗೂ ನಿನ್ನಂಗೇ ಏನೂ ತೊಂದ್ರೆ ಇರ್ಲಿಲ್ಲ," ಎಂದ. "ಯಾರೋ ರಕ್ತ ತೋರಿಸು ಅಂದ್ರು, ತೋರಿಸ್ದೆ. ಕ್ಯಾನ್ಸರ್ ಅಂದ್ರು. ನಾಳೇನೇ ತೆಗೀರಿ ಅಂದೆ. ಮುಂದೇನಾಗ್ತೈತೆ ಅಂತ ಅವರು ಹೇಳಿದ್ರೋ ಇಲ್ಲೋ, ನಾನಂತೂ ಕೇಳ್ಲಿಲ್ಲ."

"ಈಗ ಗಟ್ಟಿಯಾಗಿದೀಯಲ್ಲ," ಎಂದಳು ಗಂಗಕ್ಕ.

"ಇದೀನಿ ಅಕ್ಕ. ತೆಗೆಸಿದ್ದಕ್ಕೆ ಇದೀನೋ, ತೆಗೆಸ್ದಿದ್ರೂ ಇರ್ತಿದ್ನೋ, ಅದನ್ನ ಹೇಳೋರು ಮಾತ್ರ ಯಾರೂ ಇಲ್ಲ. ಇನ್ನೊಬ್ಬರ ಮನ್ಯಾಗೆ ಕುಂತು ಎದ್ರೆ, ಕುಂತ ಜಾಗ ತಿರುಗಿ ನೋಡಬೇಕು. ಅದಕ್ಕೇ ಎಲ್ಲೂ ಹೋಗಲ್ಲ."

"ಹಂಗಾದ್ರೆ ಬ್ಯಾಡ ಅಂತೀಯಾ?" ಎಂದ ಯತ್ತಪ್ಪ.

"ಅನ್ನಲ್ಲಪ್ಪ. ನಿನ್ನ ಮೈಯೊಳಗಿನದು ನಂಗೇನು ಗೊತ್ತು? ಇದೇ ಬೀದಿ ಕರಿಯಣ್ಣ ಬೆನ್ನುನೋವು ಬಂದ್ರೂ ತೋರಿಸ್ದೆ ಕುಂತ. ಎಲುಬಿಗೆ ಇಳಿದಿತ್ತು, ಹೋದ. ಅದನ್ನೂ ಹೇಳಬೇಕಲ್ಲ ನಾನು. ಕೇಳಿ, ತಿಳ್ಕಂಡು ಮಾಡಿಸು. ಇಲ್ಲಾ, ಕೇಳಿ ತಿಳ್ಕಂಡು ಬಿಡು."

ಗಂಗಕ್ಕ ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಪಾಲಯ್ಯನ ಹೆಂಡತಿ ಮಲ್ಲಕ್ಕ ಹಗ್ಗದ ತುಂಬ ಪಂಚೆ ಒಣಹಾಕುತ್ತಿದ್ದಳು.

"ಇಷ್ಟೂ ಇವತ್ತಿಂದಾ?"

"ಇವತ್ತಿಂದೇ. ಒಗೆಯೋದು ನಂಗೆ ಕಷ್ಟ ಅಲ್ಲಕ್ಕ. ಒಗಿಯಾಕೆ ಕೊಡುವಾಗ ಮುಖ ಆ ಕಡೆ ತಿರುಗಿಸ್ಕಂತಾರಲ್ಲ, ಅದನ್ನ ನೋಡಾಕಾಗಲ್ಲ." ಮಲ್ಲಕ್ಕ ಪಂಚೆಯ ಅಂಚು ಜಾಡಿಸಿದಳು. "ಪಕ್ಕದಾಗೆ ಉಸಿರಾಡ್ತವ್ರಲ್ಲ, ಅಷ್ಟು ಸಾಕು ಅನ್ನಿಸ್ತೈತೆ ಒಂದಿನ. ಇನ್ನೊಂದಿನ ಸುಮ್ಕೆ ಅಳು ಬರ್ತೈತೆ."

ಗಂಗಕ್ಕ ಬುಟ್ಟಿಯಿಂದ ಒಂದು ಪಂಚೆ ಎತ್ತಿ ಹಿಂಡಿ ಹಗ್ಗಕ್ಕೆ ಹಾಕಿದಳು. ಬುಟ್ಟಿ ಬರಿದಾಗುವ ತನಕ ಇಬ್ಬರೂ ಸೇರಿ ಒಣಹಾಕಿದರು.

ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಹಿರಿಯೂರಿನ ಬಸ್ಸಿಗೆ ಕಾಯುತ್ತ ಅವರು ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಕಲ್ಲುಕಟ್ಟೆಯ ಮೇಲೆ ಕುಳಿತರು. ಯತ್ತಪ್ಪ ಎಂದಿನಂತೆ ದೊಡ್ಡ ಬಜ್ಜಿಯನ್ನು ಅವಳ ಕಡೆಗೆ ಸರಿಸಿದ.

"ನಾನು ಇನ್ನು ಮಾಡಿಸು ಅನ್ನಲ್ಲ," ಎಂದಳು ಗಂಗಕ್ಕ. "ಬ್ಯಾಡ ಅಂತಲೂ ಅನ್ನಲ್ಲ. ಮೈ ನಿಂದು. ನೀನು ಹೇಳು."

ಅವನು ಮಂಡಕ್ಕಿ ಅಗಿಯುತ್ತ ಯೋಚಿಸಿದ. "ತೆಗೆಸಲ್ಲ. ಆದ್ರೆ ಡಾಕ್ಟ್ರು ಕರೆದಾಗೆಲ್ಲ ಬರ್ತೀನಿ, ರಕ್ತ ಕೊಡ್ತೀನಿ. ಬೆಳೆದೈತೆ, ಈಗ ಮಾಡ್ಲೇಬೇಕು ಅಂದ್ರೆ ಆವತ್ತು ಮಾಡಿಸ್ಕಂತೀನಿ, ಹನಿ ಬಿದ್ರೂ ಬೀಳ್ಲಿ. ಸೊಂಟ ನೋವು, ಬೆನ್ನು ನೋವು ಬಂದ್ರೆ ನಿಂಗೆ ಮುಚ್ಚಿಡಲ್ಲ."

"ಜುಂಜಪ್ಪನ ಆಣೆ?"

"ಜುಂಜಪ್ಪನ ಆಣೆ."

"ಮುಚ್ಚಿಟ್ರೆ?"

"ಪೂಜಾರಪ್ಪನೋರೇ ಅಂತ ಹಟ್ಟಿಯೆಲ್ಲ ಕೇಳಂಗೆ ಕರಿ."

ಅವಳಿಗೆ ನಗು ಬಂತು. ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಮೆಣಸಿನಕಾಯಿ ಖಾರ ಎಂದು ಸೆರಗಿನಲ್ಲಿ ಒರೆಸಿಕೊಂಡಳು.

ಮಂಜಣ್ಣ ಮಾತ್ರ ಒಪ್ಪಲಿಲ್ಲ. "ನಾಳೆ ಏನಾದ್ರೂ ಆದ್ರೆ, ಮಗ ಇದ್ದೂ ಸುಮ್ನೆ ಬಿಟ್ಟ ಅಂತಾರೆ ಜನ," ಎಂದು ಡಾಕ್ಟರ ಮುಂದೆಯೇ ಹೇಳಿದ. ಡಾಕ್ಟರು ಅವನ ತೋಳು ಮುಟ್ಟಿ, "ಸುಮ್ನೆ ಬಿಟ್ಟಿಲ್ಲಪ್ಪ, ಕಾಯ್ತಾ ಇದೀವಿ. ಕಾಯೋದೂ ಕೆಲಸಾನೇ," ಎಂದರು. ಆ ದಿನದಿಂದ ಅಪ್ಪನನ್ನು ಪರೀಕ್ಷೆಗೆ ಕರೆದೊಯ್ಯುವ ಕೆಲಸ ಮಂಜಣ್ಣನದೇ ಆಯಿತು. ಒಂದು ಸಲವೂ ತಪ್ಪಿಸಲಿಲ್ಲ.

ಕಾಯುವುದು ಸುಲಭವೇನೂ ಆಗಿರಲಿಲ್ಲ. ರಕ್ತ ಕೊಟ್ಟು ಬಂದ ಮೇಲೆ ಉತ್ತರ ಬರುವ ತನಕ ಗಂಗಕ್ಕನಿಗೆ ಅನ್ನ ಇಳಿಯುತ್ತಿರಲಿಲ್ಲ. ಸ್ವಲ್ಪ ಏರಿದೆ ಎಂದರೆ ರಾತ್ರಿಯೆಲ್ಲ ಎದ್ದು ಕೂರುವುದು, ಅಷ್ಟೇ ಇದೆ ಎಂದರೆ ಗುಡಿಯ ಬೇಲಿಯಾಚೆ ನಿಂತು ದೀಪ ಹಚ್ಚುವುದು. ಈ ಭಯ ತಾವು ಕೊಂಡುತಂದದ್ದೇ ಅಲ್ಲವೇ, ಆ ತೋಳು ಚಾಚದಿದ್ದರೆ ಇದು ಇರುತ್ತಿತ್ತೇ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಯತ್ತಪ್ಪನ ಮುಂದೆ ಆಡುತ್ತಿರಲಿಲ್ಲ.

ಅವನಿಗೂ ಅದೇ ಅನ್ನಿಸಿದ್ದಿರಬೇಕು. ಮುಂದೊಂದು ವರ್ಷ ಶಿಬಿರ ಮತ್ತೆ ಹಟ್ಟಿಗೆ ಬಂದಾಗ ಮುದುಕರು ಹುಣಸೆಮರದ ಕೆಳಗೆ ಅವನಿಗಾಗಿ ಕಾದರು. ಅವನು ಶಾಲೆಯ ಮೆಟ್ಟಿಲ ಮೇಲೆ ಕೋಲು ಊರಿ ಕುಳಿತುಬಿಟ್ಟ.

"ಯಾಕೆ ಪೂಜಾರಪ್ಪ, ಈ ಸಲ ಮುಂದೆ ಹೋಗಲ್ವಾ?" ಎಂದ ಗೊಲ್ಲಪ್ಪ.

"ಇಲ್ಲಪ್ಪ. ಇದು ಕುರಿ ಸೂಜಿ ಅಲ್ಲ. ಕಣ್ಣು ತೋರಿಸು, ಸಕ್ಕರೆದು ಮಾಡಿಸು, ಅವಕ್ಕೆ ಯೋಚನೆ ಬ್ಯಾಡ. ಇದೊಂದಕ್ಕೆ ಮಾತ್ರ ಮೊದಲು ಡಾಕ್ಟ್ರನ್ನ ಕೇಳು. ಮೂತ್ರಕ್ಕೆ ತೊಂದ್ರೆ ಇದ್ರೆ ನಾಚ್ಕೋಬ್ಯಾಡ, ಹೇಳು. ಹೆಚ್ಚು ಬಂದ್ರೆ ಮುಂದೇನು ಅಂತ ಕೇಳು. ಆಮೇಲೆ ತೋಳು ಚಾಚೋದೋ ಬಿಡೋದೋ ನಿಂಗೆ ಬಿಟ್ಟಿದ್ದು."

"ಪೂಜಾರಪ್ಪಂಗೆ ಆಸ್ಪತ್ರೆ ತಿರುಗಿ ತಿರುಗಿ ಮಾತು ಬಂದೈತೆ," ಎಂದು ಯಾರೋ ಚೇಷ್ಟೆ ಮಾಡಿದರು. ಆದರೂ ಒಬ್ಬೊಬ್ಬರಾಗಿ ಒಳಗೆ ಹೋಗಿ ಕೇಳಿದರು. ಕೆಲವರು ರಕ್ತ ಕೊಟ್ಟರು, ಕೆಲವರು ಕೊಡಲಿಲ್ಲ. ಗೊಲ್ಲಪ್ಪ ಬಹಳ ಹೊತ್ತು ಒಳಗೇ ಇದ್ದ. ಅವನು ಹೊರಗೆ ಬಂದಾಗ ಏನು ಮಾಡಿದೆ ಎಂದು ಯತ್ತಪ್ಪ ಕೇಳಲಿಲ್ಲ.

ಈಗಲೂ ಸೋಮವಾರ ಬೆಳಿಗ್ಗೆ ಗಂಗಕ್ಕ ಬಾಗಿಲಲ್ಲಿ ನಿಲ್ಲುತ್ತಾಳೆ. ಒದ್ದೆ ಪಂಚೆಯ ಮುದುಕ ಗಡಿಗೆ ಹೊತ್ತು ಏರುದಾರಿ ಹಿಡಿಯುತ್ತಾನೆ, ಮೊದಲಿಗಿಂತ ನಿಧಾನ. ಹಿಂದೆಲ್ಲ ಅವಳ ಕಣ್ಣು ಗಡಿಗೆಯ ಮೇಲಿರುತ್ತಿತ್ತು. ಈಗ ಅವಳು ಅವನ ಸೊಂಟ ನೋಡುತ್ತಾಳೆ. ಕೈ ಎಲ್ಲಾದರೂ ಸೊಂಟಕ್ಕೆ ಹೋಗುತ್ತದೆಯೋ, ಹೆಜ್ಜೆ ಎಲ್ಲಾದರೂ ಎಳೆಯುತ್ತದೆಯೋ ಎಂದು. ದಾರಿ ಮುಗಿಯುತ್ತದೆ. ಎರಡೂ ಕೈ ಗಡಿಗೆಯ ಮೇಲೇ ಇರುತ್ತವೆ. ಅವನು ಬೇಲಿಯೊಳಗೆ ಮರೆಯಾದ ಮೇಲೆ, ಅವಳು ಅಲ್ಲಿಂದಲೇ ಕೈಮುಗಿದು ಒಲೆಯ ಮುಂದೆ ಹೋಗಿ ಕೂರುತ್ತಾಳೆ.