ಜಯಕ್ಕನ ಮಾನಿಟರ್ ಮೆರವಣಿಗೆ

ಆಟೋದಲ್ಲಿ ಸೀಟು ಮಾನಿಟರಿಗೆ, ಅಂಚು ಜಯಕ್ಕನಿಗೆ. ಹಿಂದೆ ಹೊಟ್ಟೆ ಬಿಟ್ಕೊಂಡಿರ್ತಿತ್ತಲ್ಲ, ಆ ಕಾಲದ ಡಬ್ಬಾ ಮಾನಿಟರ್. ಅದಕ್ಕೊಂದು ಹಳೇ ಕಂಬಳಿ ಹೊದಿಸಿ, ಹೆಗಲ ಮೇಲೆ ಕೈ ಹಾಕ್ಕೊಂಡು ಬರೋರು. ದೂರದಿಂದ ನೋಡಿದ್ರೆ ಹುಷಾರಿಲ್ಲದ ಅತ್ತೇನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದಾರೆ ಅನ್ಬೇಕು, ಹಾಗೆ.

ಚಾಮರಾಜಪೇಟೆಯಲ್ಲಿ ಮನೆಯ ಮುಂದಿನ ರೂಮಲ್ಲೇ ಜಯಕ್ಕ ಮದುವೆ ಕಾರ್ಡ್ ಕಂಪೋಸ್ ಮಾಡ್ತಿದ್ರು. ಪ್ರೆಸ್ಸಿಗೆ ಕಳ್ಸೋ ಮುಂಚೆ ಮದುವೆ ಮನೆಯವರಿಗೆ ತೋರಿಸ್ಬೇಕಲ್ಲ, ಅದಕ್ಕೊಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇಟ್ಕೊಂಡಿದ್ರು. ಯಾರದೋ ಮನೇಲಿ ಅದನ್ನ ಸೋಫಾ ಮೇಲಿಟ್ಟು ಕಾಫಿ ಕುಡೀತಿದಾರೆ, ಮದುವೆ ಹುಡುಗಿಯ ಸೋದರಮಾವ ಬಂದು ಸೀದಾ ಅದರ ಮೇಲೇ ಕೂತ್ರು. ಒಳ್ಳೇ ಗಟ್ಟಿ ಆಳು. ಸ್ಕ್ರೀನು ಮಸಿ ಚೆಲ್ಲಿದ ಹಾಗೆ ಕಪ್ಪಾಗೋಯ್ತು. ರಿಪೇರಿಯವನು ಹೊಸಾ ಸ್ಕ್ರೀನ್ ಹಾಕ್ಸೋ ಬದ್ಲು ಹೊಸಾ ಲ್ಯಾಪ್‌ಟಾಪೇ ತಗೊಳ್ಳಿ ಅಂದ. ಜಯಕ್ಕ ಎರಡೂ ಮಾಡ್ಲಿಲ್ಲ. ಮನೇಲಿ ಕೆಟ್ಟು ಕೂತಿದ್ದ ಕಂಪ್ಯೂಟರಿನ ಮಾನಿಟರ್ ಕಿತ್ಕೊಂಡು ಇದಕ್ಕೆ ಚುಚ್ಚಿದ್ರು.

"ಮುಖ ಹೋಗಿದೆ, ಬುದ್ಧಿ ನೆಟ್ಟಗಿದೆ ಕಣೇ. ನಮ್ಮನೆಯವ್ರದ್ದು ಉಲ್ಟಾ," ಅಂತ ಗಂಡನ ಎದುರಿಗೇ ಹೇಳೋರು. ಅವರು ಪೇಪರ್ ಓದ್ತಾ ತಲೆ ಆಡಿಸೋರು.

ಈಗಿನ ಹುಡುಗರಿಗೆ ಗೊತ್ತಿಲ್ಲ, ಮದುವೆ ಕಾರ್ಡು ಅಂದ್ರೆ ಆಗ ಯುದ್ಧ. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾವ ಚಿಕ್ಕಪ್ಪ ಬಿಟ್ಟೋದ. ಲ್ಯಾಪ್‌ಟಾಪ್ ಚೆನ್ನಾಗಿದ್ದಾಗ ಅದರ ಮುಂದೆ ಯಜಮಾನ್ರು ಒಬ್ರೇ ಕೂತು, ಅದು ತೆಗೀರಿ, ಇದು ಹಾಕಿ ಅಂತ ಪಿಸಪಿಸ ಅಂತಿದ್ರು. ಉಳಿದವರಿಗೆ ಪ್ರಿಂಟ್ ಆದ್ಮೇಲೇ ಗೊತ್ತಾಗೋದು, ಆಮೇಲೆ ಅಳು, ಮುನಿಸು. ಮಾನಿಟರ್ ಬಂದ್ಮೇಲೆ ಆಟ ಬದಲಾಯ್ತು. ಸ್ಟೂಲ್ ಮೇಲೆ ಇಟ್ರೆ ಭಾನುವಾರದ ಸಿನಿಮಾ ಥರ ಮನೆಮಂದಿಯೆಲ್ಲಾ ಸುತ್ತ ಕೂರೋರು. ಒಂದು ಹೆಸರು ತೆಗೀಬೇಕು ಅಂದ್ರೆ ಎಲ್ಲರ ಮುಂದೆ ಬಾಯ್ಬಿಟ್ಟು ಹೇಳ್ಬೇಕು.

ನನ್ನ ಮದುವೆ ಗೊತ್ತಾದಾಗ ನಮ್ಮನೇಲಿ ಇದ್ದಿದ್ದು ಅದೇ ತಲೆನೋವು. ತರಗುಪೇಟೆಯ ಬೇಳೆ ಅಂಗಡಿ ಭಾಗ ಆದಾಗಿಂದ ಅಪ್ಪನಿಗೂ ದೊಡ್ಡಪ್ಪನಿಗೂ ಮಾತಿಲ್ಲ. ನಾವು ಮಾವಳ್ಳಿ, ಅವರು ಬಸವನಗುಡಿ. ನಡ್ಕೊಂಡು ಹೋಗೋ ದೂರ, ಆದ್ರೂ ವರ್ಷಗಟ್ಟಲೆ ಯಾರೂ ನಡೀಲಿಲ್ಲ. ನಮ್ಮ ಜೊತೆಗಿದ್ದ ಅಜ್ಜಿಗೆ ಒಂದೇ ಆಸೆ. "ನನ್ನ ಇಬ್ರು ಗಂಡುಮಕ್ಳೂ ಒಂದೇ ಚಪ್ಪರದ ಕೆಳಗೆ ನಿಂತಿದ್ ನೋಡ್ಬಿಟ್ರೆ ಸಾಕಪ್ಪಾ," ಅಂತ ಊಟಕ್ಕೆ ಕೂತಾಗೆಲ್ಲಾ ಶುರು. ಅಪ್ಪ ತಟ್ಟೆ ನೋಡ್ಕೊಂಡು ಉಣ್ಣೋರು.

ಕಾರ್ಡಿಗೆ ಹೆಸರುಗಳನ್ನ ಕೇಳೋಕೆ ಜಯಕ್ಕ ಫೋನ್ ಮಾಡಿದಾಗ ಅಪ್ಪ ಸ್ನಾನಕ್ಕೆ ಹೋಗಿದ್ರು. ಫೋನ್ ಎತ್ತಿದ್ದು ಅಜ್ಜಿ. ಇನ್ನು ಕೇಳ್ಬೇಕಾ?

ಜಯಕ್ಕ ಬಂದ್ರು, ಕಂಬಳಿ ಬಿಚ್ಚಿದ್ರು, ವೈರ್ ಸಿಕ್ಕಿಸಿದ್ರು. ಆ ಲ್ಯಾಪ್‌ಟಾಪಿಗೆ ಒಂದು ಚಾಳಿ, ಆನ್ ಆದ ತಕ್ಷಣ ಒಡೆದ ಸ್ಕ್ರೀನಿಗೇ ಚಿತ್ರ ಕಳ್ಸೋದು. "ಅಯ್ಯೋ, ಸತ್ತವಳನ್ನೇ ನೆನೆಸ್ಕೊಳುತ್ತೆ ಮುಂಡೇದು," ಅಂತ ಬೈದು ಎರಡು ಕೀ ಒಟ್ಟಿಗೆ ಒತ್ತಿದ್ರು. ಮಾನಿಟರ್ ಟಪ್ ಅಂತು. ಬಾಗಿಲಷ್ಟು ದೊಡ್ಡಕ್ಕೆ ಕಾಣ್ತು: ಆಹ್ವಾನಿಸುವವರು ಶ್ರೀ ನಂಜುಂಡಯ್ಯ. ಅದರ ಕೆಳಗೆ ಶ್ರೀ ನಾಗರಾಜು.

ನಂಜುಂಡಯ್ಯ ಅಂದ್ರೆ ದೊಡ್ಡಪ್ಪ.

ಅಪ್ಪ ಮೆಲ್ಲಗೆ ಬಗ್ಗಿ ಜಯಕ್ಕನ ಕಿವಿ ಹತ್ರ ಏನೋ ಅಂದ್ರು.

"ಏನಂದ್ರಿ ನಾಗರಾಜಣ್ಣ? ಜೋರಾಗಿ ಹೇಳಿ."

ಅಪ್ಪ ಸುತ್ತ ನೋಡಿದ್ರು. ಅಮ್ಮ, ನಾನು, ಅತ್ತೆಯರು, ಅವರ ಮಕ್ಕಳು. ಅಜ್ಜಿ ಸ್ಕ್ರೀನಿನ ಹತ್ರಕ್ಕೆ ಹೋಗಿ, ಕನ್ನಡಕ ಎತ್ತಿ, ಆ ಎರಡು ಹೆಸರನ್ನೇ ನೋಡ್ತಾ ನಿಂತಿದ್ರು. ಓದೋಕೆ ಬರ್ತಿರ್ಲಿಲ್ಲ ಅವರಿಗೆ. "ಯಾವ್ದಮ್ಮಾ ದೊಡ್ಡೋನು, ಯಾವ್ದು ಚಿಕ್ಕೋನು?" ಅಂತ ಕೇಳಿದ್ರು. ಜಯಕ್ಕ ತೋರಿಸಿದ್ರು. ಅಜ್ಜಿ ಎರಡನ್ನೂ ಬೆರಳಲ್ಲಿ ಮುಟ್ಟಿದ್ರು.

"ಏನಿಲ್ಲ ಬಿಡಿ," ಅಂದ್ರು ಅಪ್ಪ. "ಅಕ್ಷರ ಸ್ವಲ್ಪ ದಪ್ಪ ಆಯ್ತೇನೋ ಅಂದೆ."

"ದಪ್ಪ ಇರ್ಲಿ, ಮದುವೆ ಮನೆ," ಅಂದ್ರು ಜಯಕ್ಕ. ಅಲ್ಲಿಗೆ ಬಿಡೋ ಹೆಂಗಸೇ ಅದು? "ಹೆಸರಿರೋರು ನೋಡಿ ಒಪ್ಪದೇ ನಾನು ಪ್ರೆಸ್ಸಿಗೆ ಕಳ್ಸಲ್ಲ. ಆಮೇಲೆ ಬಂದು ನನ್ನ ತಲೆ ತಿಂತಾರೆ. ಹೊರಗೆ ಆಟೋ ನಿಲ್ಸಿದೀನಿ, ಬಸವನಗುಡಿಗೆ ಹೋಗೋಣ ಬನ್ನಿ. ನಿಮ್ಮಣ್ಣನ ಹತ್ರ ನೀವು ಮಾತಾಡ್ಬೇಡಿ, ಅದು ನಿಮ್ಮಿಷ್ಟ. ಮಾನಿಟರ್ ಹಿಡ್ಕೊಳ್ಳಿ ಸಾಕು. ನನಗೆ ಸೊಂಟ ನೋವು."

ಆ ಸೊಂಟ ಒಂದು ಗಂಟೆ ಮುಂಚೆ ಅದೇ ಮಾನಿಟರನ್ನ ನಮ್ಮ ಮೆಟ್ಟಿಲು ಹತ್ತಿಸಿತ್ತು.

ಆಟೋದಲ್ಲಿ ಜಯಕ್ಕ, ನಾನು, ಮಧ್ಯದಲ್ಲಿ ಮಾನಿಟರನ್ನ ತೊಡೆ ಮೇಲೆ ಮಗು ಥರ ತಬ್ಕೊಂಡ ಅಪ್ಪ. ರೋಡ್ ಹಂಪ್ ಬಂದಾಗೆಲ್ಲಾ ಅಪ್ಪನ ಗದ್ದಕ್ಕೆ ಅದು ಢಣ್ ಅಂತ ಹೊಡೀತಿತ್ತು. ದೊಡ್ಡಪ್ಪನ ಮನೆ ಗೇಟ್ ಹತ್ರ ಇಳಿದ್ರೆ, ಅಪ್ಪನ ಎರಡೂ ಕೈ ತುಂಬಿದೆ, ಗೇಟ್ ತೆಗೆಯೋಕೆ ಆಗ್ತಿಲ್ಲ. ನಾನು ಮುಂದೆ ಹೋಗೋಕೆ ನೋಡಿದೆ. ಜಯಕ್ಕ ನನ್ನ ಜಡೆ ಹಿಡಿದು ಎಳೆದ್ರು. "ನಿಂತ್ಕೊಳೇ ಸುಮ್ನೆ."

ಸದ್ದು ಕೇಳಿ ದೊಡ್ಡಪ್ಪ ಪಂಚೆ ಎತ್ತಿ ಕಟ್ಕೊಂಡು ಹೊರಗೆ ಬಂದ್ರು. ಗೇಟಿನ ಆಚೆ ಈಚೆ ನಿಂತು ಇಬ್ರೂ ಒಬ್ಬರನ್ನೊಬ್ರು ನೋಡಿದ್ರು. ಅಪ್ಪ ಮಾನಿಟರನ್ನ ಇನ್ನೊಂದ್ಸಲ ಮೇಲಕ್ಕೆತ್ತಿ ತಬ್ಕೊಂಡ್ರು.

"ಏನೋ ಇದು?" ಅಂದ್ರು ದೊಡ್ಡಪ್ಪ.

"ಮಗು ಮದುವೆ ಕಾರ್ಡು," ಅಂದ್ರು ಅಪ್ಪ.

"ಇಷ್ಟ್ ದೊಡ್ಡದಾ?"

ಜಯಕ್ಕ ಸೆರಗು ಬಾಯಿಗೆ ತುರ್ಕೊಂಡು ಆ ಕಡೆ ತಿರುಗಿಬಿಟ್ರು. ದೊಡ್ಡಪ್ಪ ಗೇಟ್ ತೆಗೆದು, ಒಂದು ಕಡೆ ತಾವು ಹಿಡ್ಕೊಂಡ್ರು. "ಬೆನ್ನು ಬಗ್ಗಿಸ್ಬೇಡ್ವೋ, ನಿಂಗೆ ಮೊದ್ಲೇ ಆಗಲ್ಲ," ಅಂತ ಗದರಿಸ್ಕೊಂಡು ತಮ್ಮನನ್ನೂ ಮಾನಿಟರನ್ನೂ ಒಟ್ಟಿಗೇ ಒಳಗೆ ಕರ್ಕೊಂಡು ಹೋದ್ರು.

ಮದುವೆ ದಿನ ಅಜ್ಜಿ ಚಪ್ಪರದ ಕೆಳಗೆ ಕುರ್ಚಿ ಹಾಕಿಸ್ಕೊಂಡು ಕೂತ್ರು, ಮುಹೂರ್ತ ನೋಡ್ಲೇ ಇಲ್ಲ, ಬಾಗಿಲಲ್ಲಿ ನಿಂತು ಜನರನ್ನ ಬನ್ನಿ ಬನ್ನಿ ಅಂತಿದ್ದ ಇಬ್ರು ಮಕ್ಕಳನ್ನೇ ನೋಡಿದ್ರು. ಜಯಕ್ಕ ಬರ್ಲಿಲ್ಲ. ಅವತ್ತು ಇನ್ಯಾರದೋ ಮನೇಲಿ ಇನ್ಯಾವುದೋ ಯುದ್ಧ ಇತ್ತಂತೆ.

ಕೆಲವು ವರ್ಷ ಆದ್ಮೇಲೆ ನಾನು ತವರಿಗೆ ಬಂದಿದ್ದಾಗ ಬೆಳಿಗ್ಗೇನೇ ಫೋನ್ ಬಂತು. ದೊಡ್ಡಪ್ಪ. ಅಪ್ಪ ಎತ್ತಿ ಕೇಳಿಸ್ಕೊಂಡ್ರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಜಯಕ್ಕ ಹೋಗ್ಬಿಟ್ರಂತಮ್ಮ, ನಿದ್ದೇಲೇ," ಅಂದ್ರು.

ಫೋನಿನ ಒಳಗಿಂದ ದೊಡ್ಡಪ್ಪನ ಧ್ವನಿ ನನಗೂ ಕೇಳಿಸ್ತು. "ನೀನೊಬ್ನೇ ಹೊರಟ್ಬಿಡ್ಬೇಡ ಕಣೋ. ನಾನು ಬರ್ತಿದೀನಿ, ಗೇಟ್ ಹತ್ರ ನಿಂತಿರು."

ಅಪ್ಪ ಶರಟು ಹಾಕ್ಕೊಂಡು ಹೋಗಿ ಗೇಟ್ ಹತ್ರ ನಿಂತ್ರು.